ಕ್ರಿಯಾವರ್ಧಕ ಯಾವುದು ಅಂತ ಪತ್ತೆ ಮಾಡೋಕೆ ಯಾವ ಪ್ರಯೋಗ ಆರಿಸೋದು?

ಕ್ರಿಯಾವರ್ಧಕ ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಹೋದ ವರ್ಷ ಬೆಂಗಳೂರಿನ ನಮ್ಮ ಹನುಮಂತನಗರದ ಬೀದಿಯ ಹುಡುಗಿಯೊಬ್ಬಳು ಶಾಲೆಯ ವಿಜ್ಞಾನ ಮೇಳದಲ್ಲಿ ನೊರೆ ಉಕ್ಕಿಸುವ ಪ್ರಯೋಗ ಮಾಡಿದಳು. ಹೈಡ್ರೋಜನ್ ಪೆರಾಕ್ಸೈಡ್, ಸ್ವಲ್ಪ ಪಾತ್ರೆ ತೊಳೆಯೋ ಸೋಪು, ಮೇಲೆ ಒಂದು ಚಿಟಿಕೆ ಪೊಟ್ಯಾಸಿಯಂ ಅಯೋಡೈಡ್. ನೊರೆ ಜೋರಾಗಿ ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ತೀರ್ಪುಗಾರರು ಒಂದೇ ಪ್ರಶ್ನೆ ಕೇಳಿದರು. "ನೀನು ಹಾಕಿದ ಪುಡಿ ಖರ್ಚಾಗಿಲ್ಲ ಅಂತ ಹೇಗೆ ಗೊತ್ತು?" ಅವಳು ಸುಮ್ಮನೆ ನಿಂತುಬಿಟ್ಟಳು. ಆ ಪ್ರಯೋಗ ಆರಿಸಿಕೊಟ್ಟವಳು ನಾನು. ಪುಡಿ ನೀರಲ್ಲಿ ಕರಗಿಹೋಗಿತ್ತು. ಅದನ್ನು ವಾಪಸ್ ತೆಗೆದು ತೋರಿಸೋಕೆ ಅವಳ ಹತ್ತಿರ ದಾರಿಯೇ ಇರಲಿಲ್ಲ. ಹುಡುಗಿಯ ತಯಾರಿ ಚೆನ್ನಾಗಿಯೇ ಇತ್ತು. ತಪ್ಪಿದ್ದು ನನ್ನ ಆಯ್ಕೆ.

ಆಗಿನಿಂದ ಭಾನುವಾರ ಮನೆಗೆ ಬರುವ ಮಕ್ಕಳ ಜೊತೆ ಕೂತು ಒಂದೊಂದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ್ದೇನೆ. ಯಾವುದು ಚಂದ ಕಾಣುತ್ತೆ ಅನ್ನೋದಕ್ಕಿಂತ ಯಾವುದು ಆ ಪ್ರಶ್ನೆಗೆ ಉತ್ತರ ಕೊಡುತ್ತೆ ಅನ್ನೋದೇ ನನ್ನ ಅಳತೆ.

ಕೇಳಬೇಕಾದ ಮೂರು ಪ್ರಶ್ನೆ

ಬೇಗ ಆಯ್ತು ಅಂದ ಮಾತ್ರಕ್ಕೆ ಅದು ಕ್ರಿಯಾವರ್ಧಕ ಆಗೋದಿಲ್ಲ. ಬಿಸಿ ಮಾಡಿದರೂ ಕ್ರಿಯೆ ಬೇಗ ಆಗುತ್ತೆ. ಆಮ್ಲ ಜಾಸ್ತಿ ಹಾಕಿದರೂ ಆಗುತ್ತೆ. ಹಾಕಿದ ವಸ್ತುವೇ ಕ್ರಿಯೆಯಲ್ಲಿ ಸುಟ್ಟುಹೋಗುತ್ತಾ ಅದನ್ನು ಓಡಿಸುತ್ತಿರಬಹುದು. ಹಾಗಾಗಿ ಮೊದಲ ಪ್ರಶ್ನೆ: ವೇಗ ನಿಜವಾಗಿ ಹೆಚ್ಚಿತಾ, ಅದನ್ನು ಅಂಕಿಯಲ್ಲಿ ತೋರಿಸಬಹುದಾ? ಎರಡನೆಯದು: ಹಾಕಿದ್ದು ಕೊನೆಗೆ ಹಾಗೆಯೇ ಉಳಿದಿದೆಯಾ, ಮತ್ತೆ ಕೆಲಸ ಮಾಡುತ್ತಾ? ಮೂರನೆಯದನ್ನು ಜನ ಮರೆತೇಬಿಡುತ್ತಾರೆ: ಕೆಲಸ ಮಾಡಿದ್ದು ಅದೇ ವಸ್ತುವಾ, ಇಲ್ಲ ಅದರ ಜೊತೆ ಬಂದ ಇನ್ನೇನಾದರೂನಾ?

ಈ ವಿದ್ಯಮಾನಕ್ಕೆ ಹೆಸರು ಕೊಟ್ಟವರು ಸ್ವೀಡನ್‌ನ ರಸಾಯನ ವಿಜ್ಞಾನಿ ಬರ್ಜೀಲಿಯಸ್, 1835ರಲ್ಲಿ. ಅದನ್ನು ವೇಗದ ಲೆಕ್ಕಕ್ಕೆ ತಂದವರು ಜರ್ಮನಿಯ ರಸಾಯನ ವಿಜ್ಞಾನಿ ಓಸ್ಟ್‌ವಾಲ್ಡ್. ಕೊನೆಯ ಉತ್ಪನ್ನದಲ್ಲಿ ಸೇರಿಕೊಳ್ಳದೆ ಕ್ರಿಯೆಯ ವೇಗ ಬದಲಿಸುವ ವಸ್ತು ಅನ್ನೋದು ಅವರ ವಿವರಣೆಯ ಸಾರ. ಅವರಿಗೆ ನೊಬೆಲ್ ಬಂದಿದ್ದು 1909ರಲ್ಲಿ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಶುರುವಾಗಿದ್ದೂ ಅದೇ ವರ್ಷ. ಮಕ್ಕಳಿಗೆ ಈ ಹೊಂದಿಕೆ ಹೇಳಿದರೆ ಎರಡೂ ಇಸವಿ ನೆನಪಲ್ಲಿ ಉಳಿಯುತ್ತೆ.

ಪೆರಾಕ್ಸೈಡ್ ಮತ್ತು ಕಪ್ಪು ಪುಡಿ

ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ ಪೆರಾಕ್ಸೈಡ್ ಒಡೆಯೋದು ಹಳೇ ಪ್ರಯೋಗ. ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ನನ್ನ ಮೊದಲ ಆಯ್ಕೆ ಇದೇ. ಕಾರಣ ಸರಳ. ಈ ಪುಡಿ ನೀರಲ್ಲಿ ಕರಗೋದಿಲ್ಲ. ಸೋಸಬಹುದು, ಒಣಗಿಸಬಹುದು, ತೂಗಬಹುದು.

ಮೆಡಿಕಲ್ ಶಾಪ್‌ನಲ್ಲಿ ಸಿಗೋ ಪೆರಾಕ್ಸೈಡ್ ಸಾಮಾನ್ಯವಾಗಿ 6 ಶೇಕಡಾದ್ದು. ಬಾಟಲಿ ಮೇಲೆ 20 ವಾಲ್ಯೂಮ್ ಅಂತಲೂ ಇರುತ್ತೆ. ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 10 ವಾಲ್ಯೂಮ್ ಆಯ್ತು. ಅಂದರೆ 1 ಮಿ.ಲೀ. ದ್ರಾವಣದಿಂದ 10 ಮಿ.ಲೀ. ಆಮ್ಲಜನಕ. ಆದರೆ ಆ ಲೆಕ್ಕ ಸೊನ್ನೆ ಡಿಗ್ರಿಗೆ, ಸಮುದ್ರ ಮಟ್ಟದ ಒತ್ತಡಕ್ಕೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಕೋಣೆಯ ಬಿಸಿಯೂ ಸೊನ್ನೆಗಿಂತ ಜಾಸ್ತಿ. ಎರಡೂ ಸೇರಿ 5 ಮಿ.ಲೀ. ದ್ರಾವಣದಿಂದ 50ರ ಬದಲು 60 ಮಿ.ಲೀ.ಗಿಂತ ಸ್ವಲ್ಪ ಜಾಸ್ತಿಯೇ ಅನಿಲ ಬರಬೇಕು. ನೀರು ತುಂಬಿ ಬೋರಲು ಹಾಕಿದ 100 ಮಿ.ಲೀ. ಅಳತೆ ಜಾಡಿಯಲ್ಲಿ ಇದು ಸರಿಯಾಗಿ ಹಿಡಿಯುತ್ತೆ. ಬಾಟಲಿ ಹಳೆಯದಾಗಿದ್ದರೆ ಕಡಿಮೆ ಬರುತ್ತೆ. ಅದು ಪ್ರಯೋಗದ ತಪ್ಪಲ್ಲ, ಪೆರಾಕ್ಸೈಡ್ ತಾನಾಗೇ ಒಡೆದಿರುತ್ತೆ ಅಷ್ಟೇ.

ಬಂದ ಅನಿಲ ಆಮ್ಲಜನಕವೇ ಅನ್ನೋದಕ್ಕೆ ಊದುಬತ್ತಿ ಸಾಕು. ಉರಿ ಆರಿಸಿ, ಕೆಂಡವಿರುವ ತುದಿಯನ್ನು ಜಾಡಿಯೊಳಗೆ ಹಿಡಿದರೆ ಅದು ಝಗ್ಗನೆ ಹೊತ್ತಿಕೊಳ್ಳುತ್ತೆ.

ಈಗ ಪತ್ತೆ ಕೆಲಸ. ಆರು ಪ್ರನಾಳ ತೊಗೊಳ್ಳಿ. ಎಲ್ಲದಕ್ಕೂ 5 ಮಿ.ಲೀ. ಪೆರಾಕ್ಸೈಡ್. ಒಂದಕ್ಕೆ ಏನೂ ಹಾಕಬೇಡಿ. ಉಳಿದವಕ್ಕೆ ಒಂದೊಂದರಂತೆ ಅಡುಗೆ ಉಪ್ಪು, ತೊಳೆದ ಮರಳು, ಪೆನ್ಸಿಲ್ ಕಡ್ಡಿಯ ಪುಡಿ, ಮೈಲುತುತ್ತ, ಮ್ಯಾಂಗನೀಸ್ ಡೈಆಕ್ಸೈಡ್. ಪ್ರತಿಯೊಂದೂ 0.1 ಗ್ರಾಂ. ಪುಡಿ ನುಣ್ಣಗಿದ್ದಷ್ಟೂ ಕೆಲಸ ಜೋರು, ಹಾಗಾಗಿ ಎಲ್ಲವನ್ನೂ ಒಂದೇ ಜರಡಿಯಲ್ಲಿ ಹಿಡಿಯಿರಿ. ಅರ್ಧ ನಿಮಿಷಕ್ಕೊಮ್ಮೆ ಅನಿಲದ ಅಳತೆ ಬರೆಯಿರಿ. ಪ್ರತಿಯೊಂದನ್ನೂ ಮೂರು ಸಲ ಮಾಡಿ. ಮಕ್ಕಳಿಗೆ ಮೂರನೇ ಸಲದ ಹೊತ್ತಿಗೆ ಬೇಜಾರು ಬರುತ್ತೆ, ನಿಜ. ಆದರೆ ಮೂರು ಅಂಕಿ ಹತ್ತಿರ ಹತ್ತಿರ ಬಂದಾಗ ಅವರ ಮುಖ ನೋಡಬೇಕು.

ಬೋರ್‌ವೆಲ್ ನೀರು ಬಳಸಬೇಡಿ. ಅದರಲ್ಲಿ ಕಬ್ಬಿಣದಂಥ ಲೋಹದ ಅಂಶ ಇದ್ದರೆ ಅದೇ ಪೆರಾಕ್ಸೈಡನ್ನು ಒಡೆಯುತ್ತೆ. ಆಗ ಏನೂ ಹಾಕದ ಪ್ರನಾಳದಲ್ಲೂ ಗುಳ್ಳೆ ಏಳುತ್ತೆ, ಎಲ್ಲಾ ಹೋಲಿಕೆ ಹಾಳು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ದುಬಾರಿಯೇನಲ್ಲ.

ಮುಖ್ಯ ಭಾಗ ಇನ್ನೂ ಇದೆ. 0.50 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ತೂಗಿ ಅಗಲದ ಬೀಕರಿಗೆ ಹಾಕಿ. 50 ಮಿ.ಲೀ. 10 ವಾಲ್ಯೂಮ್ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಗುಳ್ಳೆ ನಿಂತ ಮೇಲೆ ನೀರು ಬಸಿದು ಮತ್ತೆ 50 ಹಾಕಿ. ಇನ್ನೊಮ್ಮೆ ಹಾಕಿ. ಅಷ್ಟರಲ್ಲಿ ಅರ್ಧ ಗ್ರಾಂ ಪುಡಿ ಸುಮಾರು 4.5 ಗ್ರಾಂ ಪೆರಾಕ್ಸೈಡ್ ಒಡೆದಿರುತ್ತೆ, ತನ್ನ ತೂಕದ ಒಂಬತ್ತರಷ್ಟು. ಮೊದಲೇ ತೂಗಿಟ್ಟ ಸೋಸು ಕಾಗದದಲ್ಲಿ ಸೋಸಿ, ಒಣಗಿಸಿ, ಎರಡು ಸಲ ತೂಗಿದರೂ ಒಂದೇ ತೂಕ ಬರುವವರೆಗೆ ಕಾಯಿರಿ. ಗಾಜಿಗೆ ಅಂಟಿದ್ದಕ್ಕೆ, ಬಸಿಯುವಾಗ ಹೋದದ್ದಕ್ಕೆ ತೂಕ ಸ್ವಲ್ಪ ಕಡಿಮೆ ಬರುತ್ತೆ. ಅದನ್ನು ಮುಚ್ಚಿಡಬೇಡಿ. ಪಟ್ಟಿಯಲ್ಲಿ ಹಾಗೇ ಬರೆದು ಕಾರಣವನ್ನೂ ಬರೆಯಿರಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು.

ಬೀಕರನ್ನು ತಣ್ಣೀರಿನ ಬೋಗುಣಿಯಲ್ಲಿ ಇಡೋದು ಮರೆಯಬೇಡಿ. ಈ ಕ್ರಿಯೆ ಶಾಖ ಬಿಡುತ್ತೆ. 10 ವಾಲ್ಯೂಮ್ ದ್ರಾವಣ ಒಮ್ಮೆಲೇ ಪೂರ್ತಿ ಒಡೆದರೆ 20 ಡಿಗ್ರಿಯಷ್ಟು ಬಿಸಿ ಏರಬಹುದು. ಆಗ ವೇಗ ಹೆಚ್ಚಿಸಿದ್ದು ಪುಡಿಯಾ, ಶಾಖವಾ ಅಂತ ಬಿಡಿಸಿ ಹೇಳೋಕಾಗಲ್ಲ.

ಹಳೇ ಗಡಿಯಾರದ ಸೆಲ್ ಒಡೆದು ಕಪ್ಪು ಪುಡಿ ತೆಗೆಯೋಣ ಅಂತ ಕೆಲವರು ಕೇಳುತ್ತಾರೆ. ನಾನೂ ಒಮ್ಮೆ ಹಾಗೆ ಮಾಡಿದೆ. ಕೊನೆಗೆ ತೂಗಿದಾಗ ಪುಡಿ ಬಹಳ ಕಡಿಮೆಯಾಗಿತ್ತು, ಮಕ್ಕಳೆಲ್ಲ "ಖರ್ಚಾಗಿದೆ, ಇದು ಕ್ರಿಯಾವರ್ಧಕ ಅಲ್ಲ" ಅಂದರು. ಅವರ ತರ್ಕ ಸರಿಯಾಗೇ ಇತ್ತು. ಆದರೆ ಹೋದದ್ದು ಬೇರೆ. ಆ ಪುಡಿಯಲ್ಲಿ ಅಮೋನಿಯಂ ಕ್ಲೋರೈಡ್, ಜಿಂಕ್ ಕ್ಲೋರೈಡ್ ಇರುತ್ತೆ, ಅವು ನೀರಲ್ಲಿ ಕರಗುತ್ತವೆ. ಇಂಗಾಲವೂ ಬೆರೆತಿರುತ್ತೆ. ಮೂರನೇ ಪ್ರಶ್ನೆಗೆ ಉತ್ತರ ಅಲ್ಲಿಗೇ ಕೈತಪ್ಪಿತು. ಆಲ್ಕಲೈನ್ ಅಂತ ಬರೆದ ಸೆಲ್ ಅಂತೂ ಒಡೆಯಲೇಬೇಡಿ, ಒಳಗೆ ಚರ್ಮ ಸುಡುವ ಕ್ಷಾರ ಇದೆ. ಶುದ್ಧ ಪುಡಿ ಸ್ವಲ್ಪವೇ ಸಾಕು, ಶಾಲೆಯ ಲ್ಯಾಬ್‌ನಲ್ಲಿ ಕೇಳಿ ಪಡೆಯಿರಿ.

ಆಲೂಗಡ್ಡೆ, ಮೊಳಕೆ ರಾಗಿ

ಲ್ಯಾಬ್ ಇಲ್ಲ, ಪುಡಿ ಇಲ್ಲ ಅಂದರೆ ಅಡುಗೆಮನೆ ಇದೆ ಅಲ್ವಾ.

ಹಸಿ ಆಲೂಗಡ್ಡೆ ತುಂಡನ್ನು ಪೆರಾಕ್ಸೈಡ್‌ಗೆ ಹಾಕಿದರೆ ಗುಳ್ಳೆ ಬರುತ್ತೆ. ಅದು ಕ್ಯಾಟಲೇಸ್ ಅನ್ನೋ ಕಿಣ್ವದ, ಅಂದರೆ ಜೀವಿಗಳೊಳಗಿನ ಕ್ರಿಯಾವರ್ಧಕದ ಕೆಲಸ. ಬೇಯಿಸಿ ತಣಿಸಿದ ತುಂಡು ಹಾಕಿದರೆ ಸದ್ದೇ ಇಲ್ಲ. ಹತ್ತು ನಿಮಿಷದ ಪ್ರಯೋಗ, ಆರನೇ ತರಗತಿಯ ಮಗುವಿಗೂ ಅರ್ಥವಾಗುತ್ತೆ. ಆದರೆ ಇದು ಏನನ್ನು ಸಾಬೀತು ಮಾಡುತ್ತೆ? ಆಲೂಗಡ್ಡೆಯಲ್ಲಿ ಶಾಖಕ್ಕೆ ಹಾಳಾಗುವ ಏನೋ ಒಂದು ಇದೆ ಅನ್ನೋದನ್ನಷ್ಟೇ. ನೀರಲ್ಲಿ ಬೇಯಿಸಿದಾಗ ಅದು ನೀರಿಗೆ ಇಳಿದುಹೋಯ್ತೋ ಏನೋ ಅಂತ ಯಾರಾದರೂ ಕೇಳಬಹುದು. ಆದ್ದರಿಂದ ಬೇಯಿಸಿದ ನೀರನ್ನೂ ಒಂದು ಪ್ರನಾಳದಲ್ಲಿ ಪರೀಕ್ಷಿಸಿ. ಹಸಿ ತುಂಡನ್ನೇ ಮತ್ತೆ ಮತ್ತೆ ಹೊಸ ಪೆರಾಕ್ಸೈಡ್‌ಗೆ ಹಾಕಿದರೆ ನಿಧಾನವಾಗಿ ಶಕ್ತಿ ಕುಂದುತ್ತೆ, ಯಾಕೆಂದರೆ ಪೆರಾಕ್ಸೈಡೇ ಕಿಣ್ವವನ್ನು ಕೆಡಿಸುತ್ತೆ. ಎರಡನೇ ಪ್ರಶ್ನೆಗೆ ಇದು ಅರೆ ಉತ್ತರ.

ಮೊಳಕೆ ರಾಗಿ ನನಗೆ ಇನ್ನೂ ಇಷ್ಟ. ನಮ್ಮ ಕಡೆ ಕೂಸಿಗೆ ರಾಗಿ ಸರಿ ಮಾಡುವಾಗ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿಯೇ ಹಿಟ್ಟು ಮಾಡಿಸುತ್ತಾರೆ. ಮೊಳಕೆ ಹಿಟ್ಟಿನ ಗಂಜಿ ತೆಳ್ಳಗಾಗುತ್ತೆ ಅಂತ ಅವರಿಗೆ ಗೊತ್ತು. ತೆಳ್ಳಗೆ ಮಾಡೋದು ಅಮೈಲೇಸ್ ಅನ್ನೋ ಕಿಣ್ವ, ಅದು ಪಿಷ್ಟವನ್ನು ತುಂಡು ಮಾಡುತ್ತೆ. ಇದನ್ನು ಪ್ರಯೋಗ ಮಾಡೋದು ಹೀಗೆ. ಒಂದು ಚಮಚ ಮೊಳಕೆ ರಾಗಿ ಹಿಟ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ, ಬಟ್ಟೆಯಲ್ಲಿ, ಆಮೇಲೆ ಸೋಸು ಕಾಗದದಲ್ಲಿ ಸೋಸಿ. 200 ಮಿ.ಲೀ. ನೀರಿಗೆ 2 ಗ್ರಾಂ ಅಕ್ಕಿ ಹಿಟ್ಟು ಹಾಕಿ ಕುದಿಸಿ, ಸುಮಾರು 50 ಡಿಗ್ರಿಗೆ ತಣಿಸಿ. ಕುದಿಯುವ ಗಂಜಿಗೆ ಸೋಸಿದ ನೀರು ಹಾಕಿದರೆ ಕಿಣ್ವ ಸತ್ತುಹೋಗುತ್ತೆ. ಬೆಂಗಳೂರಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ, ಆದರೂ ಅಮೈಲೇಸ್‌ಗೆ ಆ ಬಿಸಿ ಬಹಳ ಜಾಸ್ತಿ.

ನಾಲ್ಕು ಲೋಟ ಗಂಜಿ ಇಡಿ. ಒಂದಕ್ಕೆ ಮೊಳಕೆ ರಾಗಿ ನೀರು, ಒಂದಕ್ಕೆ ಅದೇ ನೀರನ್ನು ಕುದಿಸಿ ತಣಿಸಿದ್ದು, ಒಂದಕ್ಕೆ ಮೊಳಕೆ ಬರಿಸದ ರಾಗಿಯ ನೀರು, ಇನ್ನೊಂದಕ್ಕೆ ಬರೀ ನೀರು. ನಿಮಿಷಕ್ಕೊಮ್ಮೆ ಬಿಳಿ ತಟ್ಟೆಯ ಮೇಲೆ ಒಂದು ಹನಿ ಗಂಜಿ, ಅದರ ಮೇಲೆ ಒಂದು ಹನಿ ತೆಳು ಮಾಡಿದ ಟಿಂಕ್ಚರ್ ಅಯೋಡಿನ್. ಪಿಷ್ಟ ಇರೋದರಿಂದ ಮೊದಲು ಕಡುನೀಲಿ. ಮೊದಲ ಲೋಟದಲ್ಲಿ ಮಾತ್ರ ಬಣ್ಣ ನೇರಳೆಗೆ, ಕೆಂಪಿಗೆ, ಕೊನೆಗೆ ಅಯೋಡಿನ್ನಿನ ಹಳದಿಗೆ ತಿರುಗುತ್ತಾ ಹೋಗುತ್ತೆ. ತಟ್ಟೆಯ ಮೇಲೆ ಸಾಲಾಗಿ ನಿಂತ ಆ ಹನಿಗಳೇ ನಿಮ್ಮ ಗ್ರಾಫ್. ಅದೇ ಲೋಟಕ್ಕೆ ಹೊಸ ಗಂಜಿ ಸುರಿದರೆ ಮತ್ತೆ ನೀಲಿ ಬಂದು ಮತ್ತೆ ಮಾಯವಾಗುತ್ತೆ. ತೂಗಿ ತೋರಿಸೋಕೆ ಆಗದಿದ್ದರೂ ಮತ್ತೆ ಕೆಲಸ ಮಾಡುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಹಿಟ್ಟು ಕೊಳ್ಳುವಾಗ ಎಚ್ಚರ. ಹುರಿದ ರಾಗಿಯ ಮಾಲ್ಟ್ ಪುಡಿಯಲ್ಲಿ ಕಿಣ್ವ ಉಳಿದಿರೋದಿಲ್ಲ. ಮನೆಯಲ್ಲೇ ಎರಡು ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿಸಿದರೆ ಚಿಂತೆಯೇ ಇಲ್ಲ.

ಪಿಯುಸಿಯವರಿಗೆ: ಯಾರು ಸಹಾಯ ಮಾಡ್ತಿದ್ದಾರೆ?

ಪತ್ತೆದಾರಿ ಅಂತ ನಿಜವಾಗಿ ಕರೆಯಬಹುದಾದ ಪ್ರಯೋಗ ಒಂದಿದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲ. ಇದನ್ನು ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅಳೆಯೋದು) ಮಾಡಿದ ಪಿಯುಸಿ ವಿದ್ಯಾರ್ಥಿಗೆ ಒಂದು ವಿಷಯ ಗೊತ್ತಿರುತ್ತೆ. ಮೊದಲ ಹನಿಯ ನೇರಳೆ ಬಣ್ಣ ಹೋಗೋಕೆ ತುಂಬಾ ಹೊತ್ತು ಹಿಡಿಯುತ್ತೆ. ಅದಕ್ಕೇ 60 ಡಿಗ್ರಿಗೆ ಬಿಸಿ ಮಾಡಿಸುತ್ತಾರೆ. ಆದರೆ ಒಮ್ಮೆ ಶುರುವಾದರೆ ಮುಂದಿನ ಹನಿಗಳು ಬಿದ್ದ ಕೂಡಲೇ ಬಣ್ಣ ಕಳೆದುಕೊಳ್ಳುತ್ತವೆ. ಯಾಕೆ? ಹೊರಗಿನಿಂದ ಯಾರೂ ಏನೂ ಹಾಕಿಲ್ಲ. ಹಾಗಾದರೆ ಕ್ರಿಯೆಯಲ್ಲೇ ಹುಟ್ಟಿದ ಯಾವುದೋ ಒಂದು ಸಹಾಯ ಮಾಡ್ತಿದೆ.

ಹುಟ್ಟೋದು ಮ್ಯಾಂಗನೀಸ್ ಅಯಾನು, ಕಾರ್ಬನ್ ಡೈಆಕ್ಸೈಡ್, ನೀರು. ಪೊಟ್ಯಾಸಿಯಂ, ಸಲ್ಫೇಟ್ ಮೊದಲಿಂದಲೂ ಇವೆ. ಅನುಮಾನ ಪಡಬೇಕಾದವರ ಪಟ್ಟಿ ಅಷ್ಟೇ. ಐದು ಪ್ರನಾಳಕ್ಕೂ 0.05 ಮೋಲಾರ್ ಆಕ್ಸಾಲಿಕ್ ಆಮ್ಲ 5 ಮಿ.ಲೀ., ದುರ್ಬಲ ಸಲ್ಫ್ಯೂರಿಕ್ ಆಮ್ಲ 5 ಮಿ.ಲೀ. ಹಾಕಿ. ಮೊದಲನೆಯದಕ್ಕೆ 1 ಮಿ.ಲೀ. ಡಿಸ್ಟಿಲ್ಡ್ ವಾಟರ್. ಎರಡನೆಯದಕ್ಕೆ ಪೊಟ್ಯಾಸಿಯಂ ಸಲ್ಫೇಟ್ ದ್ರಾವಣ. ಮೂರನೆಯದಕ್ಕೆ ಸೋಡಾ ನೀರು, ಕಾರ್ಬನ್ ಡೈಆಕ್ಸೈಡ್‌ಗೋಸ್ಕರ. ನಾಲ್ಕನೆಯದಕ್ಕೆ ಮ್ಯಾಂಗನೀಸ್ ಸಲ್ಫೇಟ್. ಐದನೆಯದಕ್ಕೆ ಮೊದಲೇ ಕ್ರಿಯೆ ಮುಗಿದು ಬಣ್ಣ ಹೋಗಿರುವ ಪ್ರನಾಳದಿಂದ ತೆಗೆದ ದ್ರಾವಣ. ಎಲ್ಲವೂ ಒಂದೊಂದೇ ಮಿ.ಲೀ. ಕೊನೆಗೆ 0.02 ಮೋಲಾರ್ ಪರ್ಮಾಂಗನೇಟ್ 1 ಮಿ.ಲೀ. ಹಾಕಿ ಗಡಿಯಾರ ಒತ್ತಿ. ಬಿಸಿ ಮಾಡಬೇಡಿ, ನಿಧಾನವೇ ಇಲ್ಲಿ ನಮಗೆ ಬೇಕಾದ್ದು.

ನಾಲ್ಕು ಮತ್ತು ಐದರ ಬಣ್ಣ ಬೇಗ ಹೋಗುತ್ತೆ. ಉಳಿದ ಮೂರು ನೇರಳೆಯಾಗಿಯೇ ನಿಂತಿರುತ್ತವೆ. ನಾಲ್ಕನೆಯದರಲ್ಲಿ ಸಲ್ಫೇಟೂ ಇದೆಯಲ್ಲ ಅಂತ ಕೇಳಿದರೆ ಎರಡನೆಯ ಪ್ರನಾಳ ಉತ್ತರ ಕೊಡುತ್ತೆ. ಹೀಗೆ ಒಬ್ಬೊಬ್ಬರನ್ನೇ ಬಿಡುಗಡೆ ಮಾಡುತ್ತಾ ಮ್ಯಾಂಗನೀಸ್ ಹತ್ತಿರ ಬಂದು ನಿಲ್ಲೋದು ನೋಡೋಕೆ ನನಗೆ ಈಗಲೂ ಖುಷಿ. ಮೂರನೇ ಪ್ರಶ್ನೆಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಪ್ರಯೋಗ ಶಾಲೆ ಮಟ್ಟದಲ್ಲಿ ನಾನು ಬೇರೆ ಕಂಡಿಲ್ಲ.

ಎರಡನೇ ಪ್ರಶ್ನೆಯಲ್ಲಿ ಮಾತ್ರ ಇದು ವಿಚಿತ್ರ. ಇಲ್ಲಿ ಕ್ರಿಯಾವರ್ಧಕ ಉಳಿಯೋದಷ್ಟೇ ಅಲ್ಲ, ಜಾಸ್ತಿ ಆಗುತ್ತಾ ಹೋಗುತ್ತೆ. ಕೊನೆಯ ಉತ್ಪನ್ನದಲ್ಲಿ ಕಾಣಿಸಬಾರದು ಅನ್ನೋ ವಿವರಣೆಗೆ ಇದು ಸರಿಹೊಂದೋದಿಲ್ಲ. ಸ್ವಯಂ ಕ್ರಿಯಾವರ್ಧನೆ ಅಂತ ಇದಕ್ಕೆ ಬೇರೆ ಹೆಸರೇ ಇದೆ. ಎಂಟನೇ ತರಗತಿಯವರಿಗೆ ಇದನ್ನು ಕೊಟ್ಟರೆ ಗೊಂದಲ ಆಗುತ್ತೆ. ಪಿಯುಸಿಯವರಿಗೆ ಆ ಗೊಂದಲದಿಂದಲೇ ಒಳ್ಳೆಯ ಮಾತುಕತೆ ಹುಟ್ಟುತ್ತೆ. ಆಕ್ಸಾಲಿಕ್ ಆಮ್ಲ ವಿಷ, ಸಲ್ಫ್ಯೂರಿಕ್ ಆಮ್ಲದ ಅಪಾಯ ಎಲ್ಲರಿಗೂ ಗೊತ್ತು. ಮನೆಯಲ್ಲಿ ಬೇಡ, ಕಾಲೇಜಿನ ಲ್ಯಾಬ್‌ನಲ್ಲೇ ಮಾಡಿ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಆಮ್ಲ ಸಾಲದು ಅಂತ ಅರ್ಥ.

ಕ್ರಿಯಾವರ್ಧಕ ಅನ್ನಿಸಿಕೊಂಡು ಖರ್ಚಾಗುವ ಮೈಲುತುತ್ತ

ಸತುವಿನ ಚೂರು, ದುರ್ಬಲ ಸಲ್ಫ್ಯೂರಿಕ್ ಆಮ್ಲ. ಹೈಡ್ರೋಜನ್ ನಿಧಾನವಾಗಿ ಬರುತ್ತೆ. ನಾಲ್ಕು ಹನಿ ಮೈಲುತುತ್ತದ ದ್ರಾವಣ ಹಾಕಿದರೆ ಗುಳ್ಳೆ ಜೋರಾಗುತ್ತೆ. "ತಾಮ್ರದ ಸಲ್ಫೇಟ್ ಕ್ರಿಯಾವರ್ಧಕ" ಅಂತ ಬರೆದುಕೊಂಡು ಬರುವ ಮಕ್ಕಳು ಎಷ್ಟೋ. ಆದರೆ ದ್ರಾವಣದ ನೀಲಿ ಬಣ್ಣ ನೋಡಿ. ಅದು ಹೋಗಿಬಿಡುತ್ತೆ. ಸತು ತಾಮ್ರವನ್ನು ಹೊರಗೆ ತಳ್ಳಿದೆ, ಸತುವಿನ ಮೇಲೆ ಕೆಂಪು ಕಪ್ಪು ಪದರ ಕೂತಿದೆ. ಹಾಕಿದ ವಸ್ತು ಖರ್ಚಾಯಿತು. ನಿಜವಾಗಿ ಸಹಾಯ ಮಾಡಿದ್ದು ಹಾಗೆ ಕೂತ ತಾಮ್ರ. ಅದು ಸತುವಿನ ಜೊತೆ ಸೇರಿ ಸಣ್ಣ ಸೆಲ್‌ನಂತೆ ಕೆಲಸ ಮಾಡುತ್ತೆ.

ಇದನ್ನು ಪರೀಕ್ಷಿಸೋದು ಸುಲಭ. ಇನ್ನೊಂದು ಸತುವಿನ ಚೂರಿಗೆ ತೂಗಿದ, ಶುಭ್ರ ತಾಮ್ರದ ತಂತಿ ಸುತ್ತಿ ಅದೇ ಆಮ್ಲಕ್ಕೆ ಬಿಡಿ. ಗುಳ್ಳೆಗಳು ತಾಮ್ರದ ಮೇಲಿಂದಲೇ ಏಳುತ್ತವೆ! ಕೊನೆಗೆ ತಂತಿ ಬಿಚ್ಚಿ ತೊಳೆದು ತೂಗಿದರೆ ತೂಕ ಅಷ್ಟೇ ಇರುತ್ತೆ. ಕ್ರಿಯಾವರ್ಧಕ ಅಲ್ಲದ್ದನ್ನು ಅಲ್ಲ ಅಂತ ತೋರಿಸಬೇಕಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಹತ್ತಿರ ಬೆಂಕಿ ಬೇಡ, ಹೈಡ್ರೋಜನ್ ಹೊತ್ತಿಕೊಳ್ಳುತ್ತೆ.

ಇನ್ನೆರಡು ಮಾತು. ರಾಶೆಲ್ ಲವಣ, ಪೆರಾಕ್ಸೈಡ್, ಕೋಬಾಲ್ಟ್ ಕ್ಲೋರೈಡ್ ಸೇರಿಸಿ ಬಿಸಿ ಮಾಡಿದರೆ ಗುಲಾಬಿ ಬಣ್ಣ ಹಸಿರಾಗಿ, ಕ್ರಿಯೆ ಮುಗಿದ ಮೇಲೆ ಮತ್ತೆ ಗುಲಾಬಿ ಆಗುತ್ತೆ. ಕ್ರಿಯಾವರ್ಧಕ ಕ್ರಿಯೆಯೊಳಗೆ ಹೋಗಿ ಬರೋದು ಬಣ್ಣದಲ್ಲೇ ಕಾಣುತ್ತೆ. ಆದರೆ ಕೋಬಾಲ್ಟ್ ವಿಷಕಾರಿ, ಸಿಂಕಿಗೆ ಸುರಿಯುವಂತಿಲ್ಲ. ಉಪನ್ಯಾಸಕರು ಮಾಡಿ ತೋರಿಸಲಿ. ಪೊಟ್ಯಾಸಿಯಂ ಕ್ಲೋರೇಟ್ ಕಾಯಿಸಿ ಆಮ್ಲಜನಕ ತೆಗೆಯುವ ಪಾಠ ಹಳೇ ಪುಸ್ತಕಗಳಲ್ಲಿ ಇದೆ. ಅದನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಸ್ವಲ್ಪ ಕಸ ಬೆರೆತರೂ ಸಿಡಿಯಬಹುದು.

ಹಾಗಾದರೆ ಯಾವುದು?

ಮನೆ, ಅಡುಗೆಮನೆ, ಖರ್ಚು ಕಡಿಮೆ ಅಂದರೆ ಮೊಳಕೆ ರಾಗಿ. ಒಂದೇ ಸಂಜೆ ಸಮಯ ಇದ್ದರೆ ಆಲೂಗಡ್ಡೆ, ಆದರೆ ಬೇಯಿಸಿದ ನೀರಿನ ಪ್ರನಾಳ ಬಿಡಬೇಡಿ. ಪ್ರೌಢಶಾಲೆಯ ಮೇಳಕ್ಕೆ ಮ್ಯಾಂಗನೀಸ್ ಡೈಆಕ್ಸೈಡ್, ತೂಕದ ಪಟ್ಟಿ ಸಮೇತ. ಪಿಯುಸಿಗೆ ಪರ್ಮಾಂಗನೇಟ್. ಇಬ್ಬರು ಸೇರಿ ಮಾಡುವುದಾದರೆ ಒಬ್ಬರು ಮ್ಯಾಂಗನೀಸ್, ಇನ್ನೊಬ್ಬರು ಸತು ಮತ್ತು ತಾಮ್ರ ಮಾಡಲಿ. ಪಕ್ಕಪಕ್ಕದಲ್ಲಿ ಇಟ್ಟಾಗ ಎರಡೂ ಒಂದನ್ನೊಂದು ವಿವರಿಸುತ್ತವೆ.

ಆ ಹುಡುಗಿ ಈ ವರ್ಷ ಮ್ಯಾಂಗನೀಸ್ ಆರಿಸಿಕೊಂಡಿದ್ದಾಳೆ. ಸೋಸು ಕಾಗದವನ್ನು ಎರಡು ದಿನ ತಾರಸಿಯ ಬಿಸಿಲಲ್ಲಿ ಒಣಗಿಸಿ, ಗಾಳಿಗೆ ಹಾರದಂತೆ ಮೇಲೆ ತಟ್ಟೆ ಮುಚ್ಚಿದ್ದಳು. ಮೊದಲು 0.50, ಕೊನೆಗೆ 0.48 ಗ್ರಾಂ. ಉಳಿದ 0.02 ಗ್ರಾಂ ಎಲ್ಲಿ ಹೋಯ್ತು ಅಂತ ನಾನು ಕೇಳುವ ಮೊದಲೇ ಬೀಕರ್ ಎತ್ತಿ ಒಳಗೋಡೆಗೆ ಅಂಟಿದ ಕಪ್ಪು ಕಲೆ ತೋರಿಸಿದಳು. ಆಮೇಲೆ ಆ ಕಲೆಯ ಮೇಲೆ ಎರಡು ಹನಿ ಪೆರಾಕ್ಸೈಡ್ ಬಿಟ್ಟಳು. ಗುಳ್ಳೆ ಬಂತು.